ಯಾರ ಕುದುರೆ?

ಕಿಟಕಿಗಾಜಿನ ಒಳಮೈಗೂ ಹಿಮ ಕಟ್ಟಿತ್ತು.
ಒಲೆಗೆ ಇನ್ನೆರಡು ಬೆರಣಿ ತುರುಕಿ
ಕೈ ಒರೆಸಿಕೊಂಡು, ಸೀಮೆಸುಣ್ಣ ಹಿಡಿದು
ಬೋರ್ಡಿನ ಮೇಲೊಂದು ಮೊಟ್ಟೆ ಬರೆದೆ.
ಅದರ ಮುಂದೆ ಸಣ್ಣದೊಂದು ಮೊಟ್ಟೆ,
ನಡುವೆ ಕತ್ತು, ಕೆಳಗೆ ನಾಲ್ಕು ಗೀಟು.
ಇದು ಕುದುರೆ, ಎಂದೆ.

ಮೂರನೇ ತರಗತಿ. ಹತ್ತೊಂಬತ್ತು ಮಕ್ಕಳು.
ಹತ್ತೊಂಬತ್ತೂ ಸುಮ್ಮನೆ.

ಉಲಾನ್‌ಬಾತರಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಪ್ರಾಣಿ ಇದ್ದ ಹಾಗೇ ಬರಬೇಕಿಲ್ಲ,
ಬಿಡಿಸುವುದೆಂದರೆ ಬಿಡುವುದು,
ಏನೇನು ಬಿಟ್ಟರೂ ಅದು ಅದೇ ಆಗಿರುತ್ತದೋ
ಅಷ್ಟನ್ನೂ ಬಿಡುವುದು.
ನೋಟ್‌ಬುಕ್ಕಿನಲ್ಲಿ ಅಡಿಗೆರೆ ಹಾಕಿಕೊಂಡಿದ್ದೆ.

ಹಿಂದಿನ ಬೆಂಚಿನಿಂದ ಸಾಂದಗ್ ಎದ್ದ.
'ಬಾಗ್ಷಾ, ಇದಕ್ಕೆಷ್ಟು ವಯಸ್ಸು?
ಹಲ್ಲು ಹಚ್ಚದ್ದೋ, ಬಾಯಿಗೂಡಿದ್ದೋ?'
'ಕಿವಿ ಯಾಕೆ ಎರಡೂ ಒಂದೇ ಕಡೆ?
ಏನು ಕೇಳಿಸಿತು ಅದಕ್ಕೆ?'
'ಹಿಂಗಾಲು ನೆಟ್ಟಗಿವೆ,' ಎಗ್‌ಶಿಗ್‌ಲೆನ್ ತೀರ್ಪು ಕೊಟ್ಟಳು,
'ಇದು ಓಡಲ್ಲ.'

ನಾನು ಒಂಬತ್ತನೇ ಮಹಡಿಯಲ್ಲಿ ಬೆಳೆದವಳು.
ಕುದುರೆ ಏರಿದ್ದು ಎರಡೇ ಸಲ,
ಅದರಲ್ಲೊಂದು ಸಲ ಅಳುತ್ತ.

ಕಂದು ಬಣ್ಣದ ಕಡ್ಡಿ ಕೊಟ್ಟೆ. ಅದೂ ತಪ್ಪು.
ಕಂದು ಅಂತ ಒಂದು ಬಣ್ಣವೇ ಇಲ್ಲವಂತೆ.
ನೆನೆದ ಚಹಾಸೊಪ್ಪಿನದು ಇದೆಯಂತೆ,
ಚಳಿಗಾಲ ಕಳೆದ ಹುಲ್ಲಿನದು ಇದೆಯಂತೆ,
ಬೆನ್ನಗುಂಟ ಕಪ್ಪು ಗೆರೆ ಹರಿದದ್ದು, ಹರಿಯದ್ದು.
'ನನ್ನ ಹೆಸರೂ ಒಂದು ಕುದುರೆಯ ಬಣ್ಣವೇ,' ಎಂದು ಹಾಲಿಯುನ್
ಹನ್ನೆರಡು ಕಡ್ಡಿಯ ಡಬ್ಬಿಯಲ್ಲಿ ತನ್ನನ್ನು ಹುಡುಕಿಕೊಂಡಳು.
ಸಿಗಲಿಲ್ಲ. ಮುಚ್ಚಳ ಹಾಕಿದಳು.

ಆಗ ಮುಂದಿನ ಸಾಲಿನ ಪುಟ್ಟ, ನೆರ್‌ಗುಯ್
(ದೃಷ್ಟಿ ತಾಗದಿರಲೆಂದು 'ಹೆಸರಿಲ್ಲ' ಎಂದೇ
ಹೆಸರಿಟ್ಟಿದ್ದಾರೆ; ಶಾಲೆ ತೆರೆದಾಗಿನಿಂದ
ಹಾಜರಿಗೆ ಬಿಟ್ಟು ಬಾಯಿ ತೆರೆದವನಲ್ಲ)
ಮೆಲ್ಲಗೆ ಕೇಳಿದ:
'ಇದು ಯಾರ ಕುದುರೆ?'

ಯಾರದೂ ಅಲ್ಲಪ್ಪ. ಬರೀ ಕುದುರೆ.

ಇಡೀ ತರಗತಿ ಬೋರ್ಡಿನ ಕಡೆ ನೋಡಿತು,
ಬಯಲಲ್ಲಿ ಕತ್ತಲಾಗುವ ಹೊತ್ತಿಗೆ
ಒಂಟಿಯಾಗಿ ನಿಂತದ್ದನ್ನು ನೋಡುವ ಹಾಗೆ.
ಅವನು ಎದ್ದು ಬಂದ. ಕೈಗೆಟುಕಲಿಲ್ಲ.
ನಾನು ಕುರ್ಚಿ ಹಿಡಿದುಕೊಂಡೆ.
ಕುದುರೆಯ ತೊಡೆಯ ಮೇಲೊಂದು ಬಾಗಿದ ಗೆರೆ,
ಅದರಡಿ ಒಂದು ಕೊಕ್ಕೆ:
ಅವರ ಮನೆಯ ಬರೆಗುರುತು.
'ಇನ್ನು ಕಳೆದುಹೋದರೂ
ಯಾರಾದರೂ ತಂದುಬಿಡುತ್ತಾರೆ.'

ಯಾವನೋ ಮುತ್ತಾತ, ಕುಲುಮೆಯ ಮುಂದೆ ಕೂತು,
ಬಿಡುತ್ತಾ ಬಿಡುತ್ತಾ
ಚಂದ್ರನನ್ನು ಒಂದು ಬಾಗಿಗೆ ತಂದು ನಿಲ್ಲಿಸಿದ್ದ.
ನಾನು ಅದಕ್ಕೆ ನೋಟ್‌ಬುಕ್ಕು ತುಂಬಿಸಿದ್ದೆ.

ಆಮೇಲೆ ಗದ್ದಲ. ಯಾಕ್, ಒಂಟೆ, ಹೋತ,
ಒಂದೊಂದರ ತೊಡೆಯ ಮೇಲೂ ಒಂದೊಂದು ಮನೆ.
ತ್ಸೆಲ್ಮುನಳ ಮನೆಯಲ್ಲಿ ಪ್ರಾಣಿಗಳಿಲ್ಲ,
ಅಪ್ಪ ಕಲ್ಲಿದ್ದಲಿನ ಲಾರಿ ಓಡಿಸುತ್ತಾನೆ.
ಅವಳ ಕುರಿಗೆ ಲಾರಿಯ ನಂಬರು.
ಯಾರೂ ನಗಲಿಲ್ಲ. ಸಾಂದಗ್ ನಂಬರನ್ನು
ಗಟ್ಟಿಯಾಗಿ ಓದಿ ತಲೆಯಾಡಿಸಿದ.

ಎಗ್‌ಶಿಗ್‌ಲೆನ್ ಹಾಳೆಯಲ್ಲಿ ಇದ್ದದ್ದು
ಹಿಂದಕ್ಕೆ ಹಾರುವ ಜೂಲು, ಐದಾರು ಎಳೆ.
ಉಳಿದದ್ದೆಲ್ಲಿ, ಎಂದೆ.
'ಅದಾಗಲೇ ಮುಂದೆ ಹೋಯ್ತು, ಬಾಗ್ಷಾ.'

ಗಂಟೆ ಬಾರಿಸಿತು. ಬೋರ್ಡು ಒರೆಸುತ್ತ ಬಂದವಳು
ಕುದುರೆಯ ಹತ್ತಿರ ನಿಂತೆ.
ಇನ್ನೊಬ್ಬರ ಪ್ರಾಣಿ. ಕೇಳದೆ ಹೇಗೆ?
ಹುಡುಗ ಊಟದ ಸಾಲಿಗೆ ಓಡಿಯಾಗಿತ್ತು.

ಮುಂದಿನದು ಗಣಿತ. ಚೋಯ್‌ಜಿಲ್ ಮೇಷ್ಟ್ರು
ಬಂದರು, ಕನ್ನಡಕ ಏರಿಸಿ ಗುರುತು ನೋಡಿದರು,
'ಓ, ಹೊಳೆಯಾಚೆಯವರದ್ದು' ಎಂದು
ಮಗ್ಗಿಯನ್ನು ಅದರ ಸುತ್ತ ಬರೆಯತೊಡಗಿದರು.
ಏಳೇಳಲಿ ನಲವತ್ತೊಂಬತ್ತು
ಓಡಲಾರದ ನನ್ನ ನಾಲ್ಕು ಗೀಟುಗಳ ನಡುವೆ.