ಅಮಾನತು

ಬಿಸ್ಕತ್ತಿನ ಹಳೇ ಡಬ್ಬ. ಅದರೊಳಗೆ
ನಲವತ್ತೊಂದು ಫೋನು. ಬೀಗದ ಕೈ ನನ್ನ ಸೊಂಟದಲ್ಲಿ.
ಗುರುವಾರ ಸಂಜೆ ಕೊಡುವುದು, ಶುಕ್ರವಾರ ಮಗ್ರಿಬ್‌ಗೆ ವಾಪಸು,
ಕಿಯಾಯಿ ಮಸ್ರುಹಾನ್ ಹಾಕಿದ ಕಾನೂನು.
ನಾನು ಈ ಪೆಸಂತ್ರೆನ್ನಿನ ಅಡುಗೆಯವಳು.
ಅಕ್ಷರ ಬಾರದು. ಅಕ್ಕಿಯ ಅಳತೆ ಬರುತ್ತದೆ.

ರಾತ್ರಿ ಡಬ್ಬ ಗುಂಯ್‌ಗುಡುತ್ತದೆ, ಮುಚ್ಚಿಟ್ಟ ಜೇನುಗೂಡು.
ತುಕ್ಕು ತಿಂದ ತೂತುಗಳಿಂದ ನೀಲಿ ಬೆಳಕು
ತೆಂಪೆ ಹುದುಗಿಟ್ಟ ಬಾಳೆಲೆಗಳ ಮೇಲೆ.
ಯಾರದೋ ಊರಿನ ಆಟ, ಯಾರದೋ ದೇಶದ ನಗು,
ಇಡೀ ಲೋಕ ಒಳಗೆ ಕೂತು ಬಾಗಿಲು ಬಡಿಯುತ್ತದೆ.
ಮೇಲೊಂದು ಗೋಣಿ ಹೊದಿಸಿ ಮಲಗುತ್ತೇನೆ.

ಪಕ್ಕದ ಜಗಲಿಯಲ್ಲಿ ಪಾಠ:
ಹಳದಿ ಹಾಳೆ, ಅರಬ್ಬಿ ಸಾಲು, ಪದ ಪದದ ಕೆಳಗೂ
ಬಾವಲಿಯಂತೆ ಜೋತುಬಿದ್ದ ಜಾವಾ ಅರ್ಥ.
ಆ ವಾರದ ಪದ ಅಮಾನತು.
"ನಿನ್ನದಲ್ಲದ್ದು, ನಿನ್ನ ಕೈಲಿರುವುದು" ಎಂದರು ಕಿಯಾಯಿ.
ನಾನು ಸೊಂಟ ಮುಟ್ಟಿ ನೋಡಿಕೊಂಡೆ.

ಮಂಗಳವಾರ ನಡುರಾತ್ರಿ ಡಬ್ಬದ ಬಳಿ ಮುಖ್ಲಿಸಿನ್.
ಹದಿನೈದರ ಹುಡುಗ, ಮೀಸೆ ಇನ್ನೂ ಅನುಮಾನ.
ಚಮಚದ ಹಿಡಿಯಿಂದ ಹಿಂದಿನ ಕೀಲು ಮೀಟಿದ.
ಬೀಗ ಬೀಗದಷ್ಟಕ್ಕೇ ಇತ್ತು.
ಕೂಗಬೇಕಿತ್ತು. ಕೂಗಲಿಲ್ಲ.
ಆಟವೇನೋ ಅಂದುಕೊಂಡೆ, ಹುಡುಗಿಯೇನೋ.

ಅಕ್ಕ.
ಹಾಂಗ್‌ಕಾಂಗಿನ ಹದಿನೇಳನೇ ಮಹಡಿಯಲ್ಲಿ ಮನೆಗೆಲಸದ ಸುಪ್ರಿಹಾತಿನ್.
ಇವನ ಫೀಜು, ಚಪ್ಪಲಿ, ಆ ಹಳದಿ ಪುಸ್ತಕ,
ಎಲ್ಲ ಅವಳ ಸಾಬೂನು ತಿಂದ ಕೈಯಿಂದ.
ಅಲ್ಲಿ ಗಂಟೆ ಒಂದು ಮುಂದೆ. ನಲ್ಲಿ ತೊಟ್ಟಿಕ್ಕುವ ಸದ್ದು,
ಬಚ್ಚಲಲ್ಲಿ ಅಡಗಿ ಕೂತಿರಬೇಕು.
"ಓದು" ಎಂದಳು.
"ಏನು?"
"ಏನಾದರೂ. ನನಗೆ ಮರೆತುಹೋಗುತ್ತಿದೆ."
ಓದಿದ. ಪಿಸುದನಿಯಲ್ಲಿ, ಅಕ್ಕಿ ಮೂಟೆಗಳ ಸಂದಿಯಲ್ಲಿ,
ಒಮ್ಮೆ ತಪ್ಪಿ, ಮತ್ತೆ ಮೊದಲಿಂದ.
ಮೂರು ವರ್ಷದಲ್ಲಿ ಅವನು ಅಷ್ಟು ನಿಧಾನ ಓದಿದ್ದು
ನಾನಂತೂ ಕೇಳಿಲ್ಲ.

ಬೆಳಗ್ಗೆ ತಾನೇ ಹೋಗಿ ಹೇಳಿದ.
ಸೊಟ್ಟಗಾದ ಚಮಚ ಮುಂದಿಟ್ಟ.
ಕಿಯಾಯಿ ಬಹಳ ಹೊತ್ತು ಚಮಚವನ್ನೇ ನೋಡಿದರು.
ಏಳು ದಿನ ವುಜೂ ಕೊಳ ತಿಕ್ಕು ಎಂದರು,
ಪಾಚಿ ಕಾಣಬಾರದು.
ಅವನು ಎದ್ದು ಹೊಸ್ತಿಲು ದಾಟುವಾಗ, ಅತ್ತ ನೋಡದೆಯೇ:
"ಅವಳಿಗೆ ರಜೆ ಭಾನುವಾರವಲ್ಲವೇ? ಎಷ್ಟು ಹೊತ್ತಿಗೆ?"

ನಾನು ಕಂಡದ್ದನ್ನು ಮಾತ್ರ ಯಾರೂ ಕೇಳಲಿಲ್ಲ.
ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ನೆನಪಾಗದೆ
ಇನ್ನೊಮ್ಮೆ ಹಾಕಿದೆ.
ಹುಡುಗರು ಮುಖ ಕಿವುಚಿಕೊಂಡು ಉಂಡರು.
ಮುಖ್ಲಿಸಿನ್ ಮಾತ್ರ ತಟ್ಟೆ ಬರಿದು ಮಾಡಿ,
ತಲೆಯೆತ್ತಿ, ನನ್ನನ್ನೇ ನೋಡಿದ.