ಲೆಕ್ಕ ಹತ್ತದ ಬೋಲ್ಟು

ಸೊಹಾರಿನ ಹೊರಗೆ, ಫಲಜ್‌ನ ಶೆಡ್ಡುಗಳ ಸಾಲಿನಲ್ಲಿ
ನಾಲ್ಕನೆಯದು ನಮ್ಮದು. ಷಟರು ಅಂಗೈ ಸುಟ್ಟಿತೆಂದರೆ
ಹತ್ತು ಗಂಟೆಯಾಯಿತೆಂದು ಲೆಕ್ಕ.
ಒಳಗೆ ಮರದ ದಿಮ್ಮಿಗಳ ಮೇಲೆ
ಜರ್‌ವಲಿಯ ಟ್ರಕ್ಕಿನ ಎಂಜಿನ್ನು
ಆರು ಬಾಯಿ ತೆರೆದು ಕೂತಿದೆ,
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ.

ಬಿಚ್ಚುವುದು ಯಾರಿಗೂ ಬರುತ್ತದೆ.
ಬಿಚ್ಚುವಾಗ ಕೈಗೊಂದು ಸೊಕ್ಕು.
ಜೋಡಿಸುವಾಗಲೇ ಗೊತ್ತಾಗುವುದು,
ಮೊನ್ನೆಯ ನೀನು ಇವತ್ತಿನ ನಿನಗೆ
ಏನೇನು ಹೇಳದೆ ಎದ್ದುಹೋದೆ ಎಂದು.

ಹೊಸಪೇಟೆಯಲ್ಲಿ, ಅದಿರಿನ ಲಾರಿಗಳ ಕಾಲದಲ್ಲಿ,
ಖಾಜಾಮೋದಿನ್ ಉಸ್ತಾದರದು ಒಂದೇ ಡಬ್ಬಿ, ಡಾಲ್ಡಾದ್ದು.
ಎಲ್ಲ ಅದರಲ್ಲೇ. ಬೆರಳಾಡಿಸಿ ಎತ್ತುತ್ತಿದ್ದರು,
ಕಣ್ಣು ಬೀದಿಯ ಮೇಲೆ, ದವಡೆಯಲ್ಲಿ ಎಲೆಯಡಿಕೆ.
‘ತಮ್ಮಾ, ಬೋಲ್ಟಿಗೆ ತನ್ನ ಮನಿ ಗೊತ್ತಿರತೈತಿ.’
ಕತ್ತಲಾದ ಮೇಲೆ ಉಳಿದದ್ದನ್ನು ಅವರು
ಗಟಾರಕ್ಕೆ ಎಸೆದದ್ದು ಒಮ್ಮೆ ನಾನು ಕಂಡಿದ್ದೆ.
ಯಾರಿಗೂ ಹೇಳಲಿಲ್ಲ. ಇವತ್ತು ಹೇಳಿದೆ.

ನನಗೆ ರಟ್ಟು ಬೇಕು.
ಲಬನ್ ಮಜ್ಜಿಗೆಯ ಖಾಲಿ ಪೆಟ್ಟಿಗೆ ಹರಿದು
ಹೆಡ್ಡಿನ ನಕ್ಷೆ ಗೀಚಿ, ಪೆನ್ನಿನಿಂದ ಇಪ್ಪತ್ತಾರು ತೂತು;
ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ನಿಲ್ಲಿಸಿದರೆ
ರಟ್ಟಿನ ಮೇಲೊಂದು ಎಂಜಿನ್ನು, ಹೊಗೆ ಇಲ್ಲದ್ದು.
ವಾಟರ್ ಪಂಪಿಗೆ ಬೇರೆ ರಟ್ಟು: ಮೂರು ಗಿಡ್ಡ, ಎರಡು ಉದ್ದ.
ಉದ್ದದ್ದು ಗಿಡ್ಡದರ ಮನೆ ಹೊಕ್ಕರೆ
ತಳ ಮುಟ್ಟಿ ನಿಂತು, ಬಿಗಿಯಾದೆ ಎಂದು ಸುಳ್ಳು ಹೇಳುತ್ತದೆ.
ನಂಬಿ ಇನ್ನರ್ಧ ಸುತ್ತು ಕೊಟ್ಟಿರೋ,
ಬ್ಲಾಕೇ ಬಿರಿಯಿತು.

ಕನ್ನಡದಲ್ಲೇ ಬರೆಯುತ್ತೇನೆ ರಟ್ಟಿನ ಮೇಲೆ.
ಈ ಸಾಲಿನಲ್ಲಿ ಅದನ್ನು ಓದುವವನು ನಾನೊಬ್ಬ,
ಮತ್ತೆ ಅರ್ಧ, ನೌಖಾಲಿಯ ಶೊಹಾಗ್:
‘ಉ’ ಅಂದರೆ ಉದ್ದ, ‘ಗಿ’ ಅಂದರೆ ಗಿಡ್ಡ.
ಆರಡಿಯ ಜರ್‌ವಲಿಗೆ ಅವನಿಟ್ಟ ಹೆಸರೇ ‘ಉ’.

ಹೆಡ್ಡು ಕೂತಿತು. ನಡುವಿನಿಂದ ಶುರು,
ಆಚೆಗೊಂದು ಈಚೆಗೊಂದು, ಅಂಚಿನ ಕಡೆಗೆ.
ಒಂದೇ ಏಟಿಗೆ ಬಿಗಿಯುವಂತಿಲ್ಲ; ಮೂರು ಸಲ ಬರಬೇಕು,
ಮೂರನೆಯ ಸಲ ಕಾಲು ಸುತ್ತು ಮಾತ್ರ.
ಅವನು ಬಂಗಾಳಿಯಲ್ಲಿ ಎಣಿಸುತ್ತಾನೆ, ನಾನು ನನ್ನದರಲ್ಲಿ.
ಇಪ್ಪತ್ತಾರಕ್ಕೆ ಇಬ್ಬರೂ ಸುಮ್ಮನಾಗುತ್ತೇವೆ.

ರಾತ್ರಿ ಒಂದೂವರೆ. ರಟ್ಟುಗಳೆಲ್ಲ ಖಾಲಿ.
ಎತ್ತಿ ಹಿಡಿದರೆ ತೂತುಗಳಲ್ಲಿ ಟ್ಯೂಬ್‌ಲೈಟು.
ತಟ್ಟೆಯಲ್ಲಿ ಒಂದು ಬೋಲ್ಟು.

ಹದಿಮೂರರ ತಲೆ. ಕಿರುಬೆರಳುದ್ದ.
‘ಒಂದೇ ತಾನೆ’ ಎಂದ ಜರ್‌ವಲಿ. ಸಲಾಲಾಕ್ಕೆ ಟೈಲ್ಸ್ ಲೋಡು,
ಫಜರ್‌ಗೆ ಮೊದಲು ಹೊರಡಬೇಕು.
‘ಒಂದು ಬೋಲ್ಟಿಗೆ ಗಾಡಿ ನಿಲ್ಲುತ್ತದೆಯೇ?’
ಹೈಮಾದ ಬಯಲಲ್ಲಿ ನಿಂತಾಗ ನೀನೇ ಹೇಳು ಎಂದೆ.
ಅವನು ಚಹಾ ತರಲು ಹೋದ.

ಟಾರ್ಚು ಹಿಡಿದು ಮನೆಮನೆ ಬಾಗಿಲು ತಟ್ಟಿದೆವು.
ಪಂಪು ತುಂಬಿದೆ. ಮ್ಯಾನಿಫೋಲ್ಡು ತುಂಬಿದೆ.
ಬ್ರಾಕೆಟ್ಟಿನ ಹಿಂದೆ, ಕೈ ಹೋಗದ ಕಡೆ, ಶೊಹಾಗನ ಕೈ ಹೋಯಿತು:
ಅಲ್ಲೂ ತುಂಬಿದೆ.
ಎಲ್ಲರೂ ಮನೆಯಲ್ಲಿದ್ದಾರೆ. ಹಾಗಾದರೆ ಇದು ಯಾರು?

ಡೀಸೆಲ್ಲಿನಲ್ಲಿ ತೊಳೆದು ಉಜ್ಜಿದಾಗ
ತಲೆಯ ಕೆಳಗೊಂದು ಕೆಂಪು ಚುಕ್ಕೆ.
ಉಗುರಬಣ್ಣ.
ನಾನು ಬಣ್ಣ ಹಚ್ಚುವವನಲ್ಲ.
ಚೇಂಬರಿನ ತಳದ ಕೆಸರು ಸೋಸಿದ ತಟ್ಟೆ ಅದು;
ಕೆಸರಿನ ಜೊತೆ ಬಂದಿರಬೇಕು.

ಯಾವ ಶೆಡ್ಡಿನವನೋ ನನಗಿಂತ ಮೊದಲು
ಈ ಎಂಜಿನ್ನಿಗೆ ಕೈ ಹಾಕಿದವನು.
ಹೆಂಗಸರಿಲ್ಲದ ಕ್ಯಾಂಪಿನಿಂದ ಅಂಗಡಿಗೆ ಹೋಗಿ
ಕೆಂಪು ಸೀಸೆ ಕೊಡಿ ಎಂದವನು,
ನಕ್ಕ ಅಂಗಡಿಯವನಿಗೆ ಬೋಲ್ಟಿಗಪ್ಪಾ ಎಂದವನು.
ಅವನಿಗೂ ಒಂದು ಕಡಿಮೆಯಾಗಿ, ಆ ರಾತ್ರಿ ಹುಡುಕಿರಬಹುದು,
ಬೇರೆಯದನ್ನು ತಿರುಪಿ ಮಲಗಿರಬಹುದು. ನಿದ್ದೆ ಬಂತೋ ಇಲ್ಲವೋ.

ಎಂಜಿನ್ನು ಎರಡು ಸಲ ಕೆಮ್ಮಿ ಹಿಡಿದುಕೊಂಡಿತು.
ಜರ್‌ವಲಿ ಹೋದ, ಚಹಾದ ದುಡ್ಡೂ ಕೊಡದೆ.

ನಾಳೆಯ ಗಾಡಿಗೆ ಹೊಸ ರಟ್ಟು ಹರಿದೆ.
ಮೂಲೆಯಲ್ಲಿ ಒಂದು ತೂತು ಹೆಚ್ಚಿಗೆ ಮಾಡಿ
ಅದನ್ನು ಚುಚ್ಚಿ ನಿಲ್ಲಿಸಿದೆ. ಕೆಳಗೆ ಬರೆಯಲು
ಪೆನ್ನು ಹಿಡಿದು ಕೂತೇ ಇದ್ದೆ.
‘ಉ?’ ಎಂದ ಶೊಹಾಗ್, ಆಕಳಿಸುತ್ತಾ. ‘ಗಿ?’