ಚಹರೆ ಪಟ್ಟಿ

ಇಪ್ಪತ್ತೊಂಬತ್ತು ವರ್ಷ ಠಾಣೆಯಲ್ಲಿ ರೈಟರು ನಾನು;
ಕಾಣೆಯಾದವರನ್ನು ಎಂಟು ಸಾಲಿಗೆ ಇಳಿಸುವುದು ಕೆಲಸ.
ಕೋಲು ಮುಖ, ಎಣ್ಣೆಗೆಂಪು ಬಣ್ಣ, ಸಾಧಾರಣ ಮೈಕಟ್ಟು.
ಮಂಡ್ಯದ ಅರ್ಧ ಜನ ಆ ಸಾಲುಗಳೊಳಗೆ
ಒಬ್ಬರ ಬದಲು ಇನ್ನೊಬ್ಬರಾಗಿ ಓಡಾಡಬಹುದಿತ್ತು.

ಈಗ ಪಿಂಚಣಿ. ಬೆಳಿಗ್ಗೆ ಹುಲಿವಾನದ ನಾಲೆ ಏರಿ.
ನಾಟಿಯಾದ ಗದ್ದೆಯಲ್ಲಿ ಒಂದು ನಿಂತಿದೆ, ಒಂಟಿಗಾಲಲ್ಲಿ.
ಹಳೆ ಚಾಳಿ, ಕೈ ಬಿಡದು:

ಎತ್ತರ: ನಾಟಿ ಹೆಂಗಸಿನ ಸೊಂಟಕ್ಕೆ ಒಂದು ಗೇಣು ಕಮ್ಮಿ.
ಬಣ್ಣ: ಒಲೆಯ ಮೇಲೆ ಒಣಗಿಸಿದ ಬಿಳಿ ಪಂಚೆ.
ರೆಕ್ಕೆಯ ಹಿಂದಂಚು, ಬಾಲ: ಮಸಿ ಕುಡಿಕೆಗೆ ಅದ್ದಿ ತೆಗೆದದ್ದು,
ಬಿಸಿಲಿಗೆ ತಿರುಗಿದರೆ ಹಸಿರು ಹೊಳಪು.
ಕಾಲು: ಮಾಸಿದ ಗುಲಾಬಿ.
ಹೆಸರು:

ಬಕ, ಎಂದು ಬರೆಯಹೊರಟೆ.
ನೀರುಗಂಟಿ ಚಿಕ್ಕಮರಿ ಸನಿಕೆ ಊರಿ ನಕ್ಕ.
"ಬಕ ಆರೋವಾಗ ಕತ್ತು ಮಡಿಕತದೆ ಸ್ವಾಮಿ,
ಚಳಿಗೆ ಕಂಬ್ಳಿ ಒದ್ಕಂಡೋನಂಗೆ. ಇದು ನೀಟ್ಕೆ ಚಾಚ್ಕಂಡೋಯ್ತದೆ.
ಬಣ್ಣದ್ ಕೊಕ್ರೆ ಅನ್ನಂಗೂ ಇಲ್ಲ. ಅದ್ರ ತಲೆ ಕಿತ್ಲೆ ಕೆಂಪು,
ಬಾಲದತ್ರ ಗುಲಾಬಿ ಬಳ್ಕಂಡಿರ್ತದೆ, ಮದ್ವೆ ಮನೆಗೊಂಟಂಗೆ.
ಇದ್ರ ಬಾಯಿ ನೋಡಿ. ಬಾಯಿ."

ಮುಚ್ಚಿದ ಕೊಕ್ಕು. ಆದರೂ ಮುಚ್ಚಿಲ್ಲ.
ಬುಡದಲ್ಲಿ ಕೂಡಿ, ತುದಿಯಲ್ಲಿ ಕೂಡಿ,
ನಡುವೆ ಮಾತ್ರ ಒಂದು ಸಂದು.
ಸಂದಿನಾಚೆ, ಕಬ್ಬಿನ ಗದ್ದೆಯ ಒಂದು ಚೂರು.

ಬಾಯ್ಕಳಕ.
"ಮರಿಗೆ ಸಂದು ಇರಾಕಿಲ್ಲ," ಅಂದ. "ಆಮೇಲಾಮೇಲೆ ಬತ್ತದೆ."

ಏರಿಯುದ್ದಕ್ಕೂ ಬಸವನಹುಳುವಿನ ಚಿಪ್ಪು. ಒಂದೂ ಒಡೆದಿಲ್ಲ.
ಒಳಗಿನದು ಮಾತ್ರ ಇಲ್ಲ.
ಬೀಗ ಮುರಿಯದ ಕಳವು;
ಮಹಜರಿಗೆ ಏನಂತ ಬರೆಯಲಿ?

ಎಂಬತ್ತಾರನೇ ಇಸವಿ. ಆಲೆಮನೆ ಹೊಗೆ ನಾರುವ ಸೀರೆಯಲ್ಲಿ
ಹೊಂಬಾಳಮ್ಮ ಬೆಂಚಿನ ತುದಿಗೆ ಕೂತಿದ್ದಳು.
ಮಗಳು ಇಂದ್ರಾಣಿ, ಹತ್ತೊಂಬತ್ತು, ಮೂರು ದಿನದಿಂದ ಇಲ್ಲ.
ವಿಶೇಷ ಗುರುತು? ಮಚ್ಚೆ, ಹಚ್ಚೆ, ಗಾಯದ ಕಲೆ?
"ಮುಂದ್ಲಲ್ಲಲ್ಲಿ ಸಂದದೆ ಬುದ್ದಿ.
ಅದ್ಕೇ ನಗೋವಾಗ ಕೈ ಅಡ್ಡ ಇಟ್ಕತಾಳೆ."
ಅಂಥ ಸಂದು ಯಾರಿಗಿಲ್ಲ ಅಂದುಕೊಂಡೆ.
ಕೈ ಅಡ್ಡ ಇಡುವುದಕ್ಕೆ ಕಾಲಂ ಇರಲಿಲ್ಲ.
ಇಲ್ಲ, ಎಂದು ಬರೆದೆ. ನೀಲಿ ಶಾಯಿ, ದುಂಡು ಅಕ್ಷರ;
ಸಾಹೇಬರು ಮೆಚ್ಚುತ್ತಿದ್ದ ಅಕ್ಷರ.

ಸಿಕ್ಕಳೋ ಇಲ್ಲವೋ. ಆ ವರ್ಷವೇ ನನಗೆ ಪಾಂಡವಪುರಕ್ಕೆ ವರ್ಗ.

ಹಕ್ಕಿ ಎದ್ದಿತು. ಕತ್ತು ಮುಂದೆ, ಕಾಲು ಹಿಂದೆ,
ಚಿಕ್ಕಮರಿ ಹೇಳಿದ ಹಾಗೇ, ಒಂದೇ ಗೀಟು.
ಬಸ್ ಟಿಕೆಟ್ಟಿನ ಹಿಂಬದಿಗೆ ಬರೆದೆ:
ವಿಶೇಷ ಗುರುತು, ಬಾಯಲ್ಲಿ ಬೆಳಕು ತೂರುವಷ್ಟು ಜಾಗ.
ಜಾಸ್ತಿಯಾಯಿತು ಅನ್ನಿಸಿ ಹೊಡೆದುಹಾಕಿ
ಸಂದು, ಅಂತಷ್ಟೇ ಬರೆದೆ.

ಚಿಕ್ಕಮರಿ ತೂಬಿನ ಹಲಗೆ ಎತ್ತುತ್ತಿದ್ದ.
ಮೊದಲು ಕಸ ಬಂತು, ಆಮೇಲೆ ನೀರು.